ಅಮ್ಮ ಸ್ನಾನಕ್ಕೆ ಹೋಗಿದ್ದಾರೆ

ಕೆಳಗಿನ ಮನೆಯ ಮಾಮಿ ಮೆಟ್ಟಿಲ ಬುಡದಲ್ಲಿ ನಿಂತು "ಪಾಪಾ, ಫೋನ್!" ಎಂದು ಕೂಗಿದಾಗ ಅಮ್ಮ ಇಳಿದು ಹೋಗುವ ಸ್ಥಿತಿಯಲ್ಲಿಲ್ಲದಿದ್ದರೆ, ನಾವು ಮೂರು ಉತ್ತರಗಳಲ್ಲಿ ಒಂದನ್ನು ಕೊಡಬಹುದಿತ್ತು. ಅಮ್ಮ ಸ್ನಾನಕ್ಕೆ ಹೋಗಿದ್ದಾರೆ. ಅಮ್ಮ ದೇವಸ್ಥಾನಕ್ಕೆ ಹೋಗಿದ್ದಾರೆ. ಅಮ್ಮ ಬೇರೆ ರೆಕಾರ್ಡಿಂಗ್‌ನಲ್ಲಿದ್ದಾರೆ. ಮೂರನೆಯದು ಎಲ್ಲಕ್ಕಿಂತ ಒಳ್ಳೆಯದು, ಅದನ್ನು ಕೇಳಿದವರಿಗೆ ಅಮ್ಮನ ಮೇಲೆ ಗೌರವ ಹೆಚ್ಚುತ್ತದೆ ಎಂದು ಅಪ್ಪ ಹೇಳಿಕೊಟ್ಟಿದ್ದರು. ಯಾವ ಕಾರಣಕ್ಕೂ ಹೇಳಬಾರದ ಉತ್ತರಗಳೂ ಇದ್ದವು: ಜ್ವರ, ನೆಗಡಿ, ಗಂಟಲು ನೋವು, ಊರಿಗೆ ಹೋಗಿದ್ದಾರೆ, ಗೊತ್ತಿಲ್ಲ. ಮಗ್ಗಿ ಒಪ್ಪಿಸಿದ ಹಾಗೆ ಇವನ್ನೂ ನಾನು ಒಪ್ಪಿಸಬೇಕಾಗಿತ್ತು. ಅಮ್ಮನ ಕೆಲಸ ಸಿನಿಮಾಗಳಿಗೆ ದನಿ ಕೊಡುವುದು. ಆಗ ಕನ್ನಡ ಸಿನಿಮಾಗಳು ಬಹುಮಟ್ಟಿಗೆ ಮದ್ರಾಸಿನಲ್ಲೇ ತಯಾರಾಗುತ್ತಿದ್ದವು, ಅವುಗಳ ನಾಯಕಿಯರಲ್ಲಿ ಹಲವರಿಗೆ ಕನ್ನಡ ಬರುತ್ತಿರಲಿಲ್ಲ. ತೆರೆಯ ಮೇಲೆ ಅವರು ಬಾಯಿ ಆಡಿಸುವುದು, ಕತ್ತಲೆ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಅಮ್ಮ ಮಾತಾಡುವುದು. ಎರಡೂ ಒಂದಕ್ಕೊಂದು ಕೂಡಿಕೊಂಡರೆ ಅದಕ್ಕೆ ಸಿಂಕ್ ಎನ್ನುತ್ತಿದ್ದರು. ಅಮ್ಮ ಸ್ಟುಡಿಯೋದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಪ್ಪ "ಸಿಂಕ್ ಆಯ್ತಾ?" ಎಂದು ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ಅದು ಕುಶಲ ಪ್ರಶ್ನೆ.

ಅಪ್ಪ ವಿಮಾ ಕಚೇರಿಯಲ್ಲಿದ್ದರು. ಅವರಿಗೆ ರಜೆ ಎಂಬ ಐಶ್ವರ್ಯವಿತ್ತು. ಸಿ.ಎಲ್., ಇ.ಎಲ್., ಮಲಗಿದರೆ ಎಂ.ಎಲ್. ವರ್ಷದ ಕೊನೆಗೆ ಸಿ.ಎಲ್. ಮಿಕ್ಕಿದರೆ ಹಾಳಾಗುತ್ತದೆಂದು, ಯಾವ ಕಾರಣವೂ ಇಲ್ಲದೆ ಮನೆಯಲ್ಲಿ ಉಳಿದು, ಸ್ಟೂಲು ಹತ್ತಿ ಫ್ಯಾನಿನ ರೆಕ್ಕೆ ಒರೆಸುತ್ತಿದ್ದರು. ಅಮ್ಮನಿಗೆ ರಜೆ ಇರಲಿಲ್ಲ, ಏಕೆಂದರೆ ಲೆಕ್ಕಕ್ಕೆ ಕೆಲಸವೂ ಇರಲಿಲ್ಲ. ಕರೆದ ದಿನ ಕಲಾವಿದೆ, ಕರೆಯದ ದಿನ ಗೃಹಿಣಿ. ಯಾವ ದಿನ ಏನು ಎಂಬುದು ಮಾಮಿ ಕೂಗುವವರೆಗೆ ಅವಳಿಗೂ ಗೊತ್ತಾಗುತ್ತಿರಲಿಲ್ಲ. ಮೈಸೂರಿನಲ್ಲಿ ಅವಳ ಸ್ವಂತ ತಂಗಿಯ ಮದುವೆಗೆ ಅಪ್ಪ, ನಾನು, ಅಜ್ಜಿ ಹೋದೆವು, ಅಮ್ಮ ಹೋಗಲಿಲ್ಲ. ಆ ವಾರ ಒಂದು ಚಿತ್ರದ ಕೆಲಸ ಶುರುವಾಗಬಹುದು ಎಂದು ಯಾರೋ ಹೇಳಿದ್ದರಂತೆ. ಒಮ್ಮೆ ಸಿಗದಿದ್ದರೆ ಇನ್ನೊಬ್ಬಳು ಬಂದು ನಿಲ್ಲುತ್ತಾಳೆ, ನಿಂತವಳು ನಿಂತೇ ಬಿಡುತ್ತಾಳೆ ಎಂಬುದು ಅವಳ ಭಯ. ನಾಲ್ಕು ದಿನ ಅವಳೊಬ್ಬಳೇ ಮನೆಯಲ್ಲಿದ್ದು ಫೋನಿಗೆ ಕಾದಳು. ಆ ನಾಲ್ಕು ದಿನ ಫೋನೂ ಬರಲಿಲ್ಲ. ಹಿಂತಿರುಗಿದಾಗ ನಾವು ತಂದ ಚಿರೋಟಿಯನ್ನು ಅಮ್ಮ ಮೂಸಿ ನೋಡಿ, ಎಣ್ಣೆ ತಿಂಡಿ ಗಂಟಲಿಗೆ ಆಗದೆಂದು ನನಗೇ ಕೊಟ್ಟಳು.

ಗಂಟಲು ನಮ್ಮ ಮನೆಯ ಐದನೇ ಸದಸ್ಯ. ಅದಕ್ಕಾಗಿ ಮದ್ರಾಸಿನ ಮೇ ತಿಂಗಳಲ್ಲೂ ನಾವು ತಣ್ಣೀರು ಕುಡಿಯುತ್ತಿರಲಿಲ್ಲ. ಮೊಸರನ್ನು ಅಡುಗೆಮನೆಯ ಮೇಲಿನ ಗೂಡಿನಲ್ಲಿ ಕಣ್ಣಿಗೆ ಬೀಳದಂತೆ ಇಡಬೇಕು. ಅಜ್ಜಿ, ಅಂದರೆ ಅಪ್ಪನ ತಾಯಿ, ಹುಟ್ಟಿ ಬೆಳೆದದ್ದೆಲ್ಲ ಮದ್ರಾಸಿನಲ್ಲೇ. ಮೊಸರನ್ನವಿಲ್ಲದೆ ಅವರಿಗೆ ಊಟ ಮುಗಿದ ಹಾಗೇ ಅಲ್ಲ. ಅವರು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ಕಳ್ಳರ ಹಾಗೆ ಉಣ್ಣುತ್ತಿದ್ದರು. ಒಣಮೆಣಸಿನಕಾಯಿ ಹುರಿದರೆ ಘಾಟು, ಘಾಟಿನಿಂದ ಕೆಮ್ಮು, ಕೆಮ್ಮಿದರೆ ಒಂದು ವಾರ ದನಿ ಒರಟು. ಹಾಗಾಗಿ ಅಮ್ಮ ಮನೆಯಲ್ಲಿದ್ದ ದಿನ ಮೆಣಸಿನ ಸಾರು, ಬೇಯಿಸಿದ ಪಡವಲಕಾಯಿ. ಅಮ್ಮ ರೆಕಾರ್ಡಿಂಗಿಗೆ ಹೋದಳೋ, ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಖಾರದ ಒಗ್ಗರಣೆ ಹಾಕಿ, ಹಪ್ಪಳ ಕರಿದು, ನನಗೆ ಮೊಸರಿನಲ್ಲಿ ಕಲಸಿದ ಕೈತುತ್ತು ಇಡುತ್ತಿದ್ದರು. ತಾಯಿ ಮನೆಯಲ್ಲಿಲ್ಲದ ದಿನ ಊಟ ರುಚಿಯಾಗುತ್ತದೆ ಎಂಬುದನ್ನು ಮಗುವೊಂದು ಕಲಿಯುವುದು ಒಳ್ಳೆಯದಲ್ಲ. ನಾನು ಕಲಿತೆ. ಅದರ ನಾಚಿಕೆ ಈಗಲೂ ಖಾರದ ಒಗ್ಗರಣೆಯ ವಾಸನೆಯ ಜೊತೆಗೇ ಬರುತ್ತದೆ.

ಜಗಳಗಳಿಗೂ ಗಂಟಲೇ ಯಜಮಾನ. ಅತ್ತೆ ಸೊಸೆಯರ ದೊಡ್ಡ ಜಗಳ ಬಳೆಯದು. ಮೈಕಿಗೆ ಸದ್ದು ಬೀಳುತ್ತದೆಂದು ಅಮ್ಮ ಹೊರಡುವ ಮುನ್ನ ಗಾಜಿನ ಬಳೆಗಳನ್ನು ಕಳಚಿ ಕರವಸ್ತ್ರದಲ್ಲಿ ಕಟ್ಟಿಡುತ್ತಿದ್ದಳು. ಎರಡು ಚಿನ್ನದ ಬಳೆಗಳನ್ನು ಮಾತ್ರ ಮೊಣಕೈಯತ್ತ ಏರಿಸಿ, ಅಲುಗದಂತೆ ಬಿಗಿಯಾಗಿ ಕೂರಿಸುತ್ತಿದ್ದಳು. ಅಜ್ಜಿಗೆ ಅದು ಸಹಿಸದು.

"ಏನಡೀ ಇದು! ಮುತ್ತೈದೆ ಕೈ ಬೋಳು ಮಾಡ್ಕೊಂಡು ಹೊಸಿಲು ದಾಟೋದಾ? ರೊಂಬ ಮೋಶಂ ಇದು, ಹೇಳಿಬಿಟ್ಟೆ."

"ಸದ್ದು ಬರುತ್ತೆ ಅತ್ತೆ. ಸಿನಿಮಾದಲ್ಲಿ ಆ ಹುಡುಗಿ ಬಳೇನೇ ಹಾಕಿರಲ್ಲ."

"ಅವಳು ಹಾಕದೇ ಹೋದ್ರೆ ನೀನೂ ಹಾಕಬಾರದಾ? ಅವಳೇನು ನಿನ್ನ ನಾತ್ತನಾರಾ?"

ರೊಂಬ ಮೋಶಂ ಎಂದರೆ ತಮಿಳಿನಲ್ಲಿ ತುಂಬಾ ಕೆಟ್ಟದ್ದು, ನಾತ್ತನಾರ್ ಎಂದರೆ ನಾದಿನಿ. ಕೊನೆಗೆ ರಾಜಿಯಾದದ್ದು ಹೀಗೆ: ಅಮ್ಮ ಬಾಗಿಲಲ್ಲಿ ನಿಂತು ಕೈ ಚಾಚುವುದು, ಅಜ್ಜಿ ಗೊಣಗುತ್ತಲೇ ಒಂದು ಅರಿಶಿನದ ದಾರವನ್ನು ಮಣಿಕಟ್ಟಿಗೆ ಕಟ್ಟುವುದು. ಹೊರಟಾಗಲೆಲ್ಲ ನಡೆಯುತ್ತಾ ನಡೆಯುತ್ತಾ ಅದು ಪೂಜೆಯ ಹಾಗಾಯಿತು. ಅಪ್ಪ ಅಮ್ಮನ ಜಗಳದ ರೀತಿ ಬೇರೆ. ಅಪ್ಪ ಜೋರಾಗಿ ಮಾತಾಡಬಹುದು, ಅಮ್ಮ ಮಾತಾಡುವಂತಿಲ್ಲ. ಅವಳು ನನ್ನ ಸ್ಲೇಟು ತೆಗೆದುಕೊಂಡು ಉತ್ತರ ಬರೆಯುತ್ತಿದ್ದಳು. ಬರೆದು, ತೋರಿಸಿ, ಒರೆಸಿ, ಮತ್ತೆ ಬರೆಯುವಷ್ಟರಲ್ಲಿ ಅಪ್ಪನ ಕೋಪ ಅರ್ಧಕ್ಕರ್ಧ ಆರಿರುತ್ತಿತ್ತು. ಒಂದು ಸಲ ಅಪ್ಪ, ಪರಿಚಯದವರ ಶಾಲೆಯಲ್ಲಿ ಟೀಚರ್ ಕೆಲಸವಿದೆ, ಬೆಳಗ್ಗೆ ಹೋಗಿ ಸಂಜೆ ಬರಬಹುದು, ಬೇಸಿಗೆ ರಜೆ, ದಸರಾ ರಜೆ, ಮನುಷ್ಯರ ಹಾಗೆ ಬದುಕಬಹುದು ಎಂದು ಅರ್ಧ ಗಂಟೆ ಹೇಳಿದರು. ಅಮ್ಮ ಎರಡೇ ಪದ ಬರೆದಳು: "ಇದೇ ಇಷ್ಟ." ಅದನ್ನು ಒರೆಸದೆ ಅವರ ಮುಂದೆ ಇಟ್ಟು ಒಳಗೆ ಹೋದಳು. ಮರುದಿನ ನಾನು ಅದನ್ನೇ ಶಾಲೆಗೆ ತೆಗೆದುಕೊಂಡು ಹೋದೆ.

ನನಗೆ ಹತ್ತು ವರ್ಷವಾದಾಗ ಅಮ್ಮ ಒಬ್ಬ ನಾಯಕಿಗೆ ಸತತ ಐದು ಚಿತ್ರಗಳಲ್ಲಿ ದನಿಯಾಗಿದ್ದಳು. ಆ ನಟಿ ಉತ್ತರದವಳು. ಜನ ಅವಳ ಕನ್ನಡವನ್ನು ಹೊಗಳುತ್ತಿದ್ದರು, ಆ ಕನ್ನಡ ನಮ್ಮ ಮಹಡಿಯ ಮೇಲೆ ಪಡವಲಕಾಯಿ ಹೆಚ್ಚುತ್ತಾ ಕೂತಿರುತ್ತಿತ್ತು. ದನಿ ಕೊಟ್ಟವರ ಹೆಸರನ್ನು ತೆರೆಯ ಮೇಲೆ ಹಾಕುವ ಪದ್ಧತಿ ಇರಲಿಲ್ಲ. ಆರನೇ ಚಿತ್ರದ ನಿರ್ಮಾಪಕರು ಮಾತ್ರ, ಈ ಸಲ ನಿಮ್ಮ ಹೆಸರು ಹಾಕಿಸುತ್ತೇನಮ್ಮ ಎಂದು ನಾಲ್ಕು ಜನರ ಎದುರಿಗೆ ಹೇಳಿದ್ದರು. ಅಮ್ಮ ಇದನ್ನು ದೊಡ್ಡದು ಮಾಡಲಿಲ್ಲ. ಆದರೆ ಒಂದು ಮಧ್ಯಾಹ್ನ ನನ್ನ ಪಕ್ಕ ಕೂತು, ಹೆಸರನ್ನು ಬರಿ ಸರೋಜಾ ಎಂದು ಹಾಕಿದರೆ ಚೆನ್ನವೋ, ಮೈಸೂರಿನ ಇನಿಶಿಯಲ್ ಸೇರಿಸಿದರೆ ಚೆನ್ನವೋ ಎಂದು ಸ್ಲೇಟಿನ ಮೇಲೆ ಎರಡು ಥರ ಬರೆದು ತೋರಿಸಿದಳು. ನಾನು ಇನಿಶಿಯಲ್ ಇರಲಿ ಎಂದೆ. ಅದೇ ವಾರ ಶಾಲೆಯ ಗೇಟಿನ ಹತ್ತಿರ ಕದ್ದು, ಕಡ್ಡಿಗೆ ಚುಚ್ಚಿದ ಕುಚ್ಚಿ ಐಸ್ ತಿಂದು ಗಂಟಲು ಕೆಡಿಸಿಕೊಂಡು ಬಂದೆ. ಅಮ್ಮ ನನ್ನನ್ನು ಬಿಟ್ಟಿರಲಿಲ್ಲ; ಹಣೆಗೆ ಒದ್ದೆ ಬಟ್ಟೆ ಹಾಕಿ ಪಕ್ಕದಲ್ಲೇ ಮಲಗಿದಳು. ನಾನು ಎದ್ದೆ, ಅವಳು ಮಲಗಿದಳು. ಮೈ ಕೆಂಡ, ದನಿ ಪೂರ್ತಿ ಹೋಗಿತ್ತು. ರೆಕಾರ್ಡಿಂಗ್ ಇದ್ದದ್ದು ಸೋಮವಾರ. ಮೆಣಸಿನ ಕಷಾಯ, ಅರಿಶಿನ ಹಾಕಿದ ಹಾಲು, ಬಾಯಲ್ಲಿ ಸದಾ ಒಂದು ಚೂರು ಅತಿಮಧುರ. "ಸೋಮವಾರಕ್ಕೆ ಸರಿಹೋಗುತ್ತೆ" ಎಂದು ಸ್ಲೇಟಿನಲ್ಲಿ ಬರೆದು ಗೋಡೆಗೆ ಒರಗಿಸಿದ್ದಳು. ಯಾರಾದರೂ ಹೇಗಿದ್ದೀಯ ಎಂದರೆ ಅದನ್ನು ತೋರಿಸುತ್ತಿದ್ದಳು.

ಶನಿವಾರ ಮಧ್ಯಾಹ್ನ ಮಾಮಿ ಕೂಗಿದರು. ಅಪ್ಪ ಇನ್ನೂ ಕಚೇರಿಯಿಂದ ಬಂದಿರಲಿಲ್ಲ, ಅಜ್ಜಿ ನಿದ್ದೆ. ಅಮ್ಮ ಕಣ್ಣು ತೆರೆದು, ತಲೆಯ ಮೇಲೆ ನೀರು ಸುರಿದುಕೊಳ್ಳುವ ಹಾಗೆ ಕೈ ಮಾಡಿ ತೋರಿಸಿದಳು. ನಾನು ತಲೆಯಾಡಿಸಿ ಇಳಿದೆ. ಆ ಕಡೆ ಚಿತ್ರದ ಮ್ಯಾನೇಜರ್. ಸ್ಟುಡಿಯೋಗೆ ಹೋದಾಗಲೆಲ್ಲ ನನಗೆ ಬಿಸ್ಕತ್ತು ತರಿಸಿಕೊಡುತ್ತಿದ್ದ, ಮೆತ್ತಗೆ ಮಾತಾಡುವ ಮನುಷ್ಯ.

"ಯಾರು, ಪುಟ್ಟೀನಾ? ಅಮ್ಮನ್ನ ಕರೀತೀಯಾ?"

"ಅಮ್ಮ ಸ್ನಾನಕ್ಕೆ ಹೋಗಿದ್ದಾರೆ ಅಂಕಲ್."

"ಮೂರು ಗಂಟೆಗಾ?" ಎಂದು ನಕ್ಕರು. ಆಮೇಲೆ, "ನಿನ್ನ ದನಿ ಯಾಕಮ್ಮ ಹೀಗಿದೆ? ಮನೇಲಿ ಎಲ್ಲಾ ಹುಷಾರಾಗಿದ್ದೀರ ತಾನೆ?"

ಬೈದಿದ್ದರೆ ನಾನು ಸುಳ್ಳನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತಿದ್ದೆ. ಅಂತಃಕರಣದಿಂದ ಕೇಳಿದರೆ ಏನು ಹೇಳಬೇಕೆಂದು ಯಾರೂ ಕಲಿಸಿರಲಿಲ್ಲ. ಎರಡು ದಿನದಿಂದ ತಡೆದುಕೊಂಡಿದ್ದ ಅಳು ಬಂದುಬಿಟ್ಟಿತು.

"ಇಲ್ಲ ಅಂಕಲ್. ತುಂಬಾ ಜ್ವರ. ಮಾತೇ ಬರ್ತಿಲ್ಲ. ಎರಡು ದಿನ ಏನೂ ಆಗಲ್ಲ."

"ಅಯ್ಯೋ ಪಾಪ," ಎಂದರು ಅವರು. "ಹಾಗಿದ್ರೆ ಅಮ್ಮನಿಗೆ ತೊಂದ್ರೆ ಕೊಡೋದು ಬೇಡ. ಚೆನ್ನಾಗಿ ರೆಸ್ಟ್ ತಗೊಳ್ಳೋಕೆ ಹೇಳು, ಆಯ್ತಾ? ನಾವು ಹೇಗೋ ನೋಡ್ಕೋತೀವಿ."

ಮೆಟ್ಟಿಲನ್ನು ಎರಡೆರಡು ಹಾರಿ ಬಂದು, ಅಂಕಲ್ ರೆಸ್ಟ್ ತಗೊಳ್ಳೋಕೆ ಹೇಳಿದ್ರು ಎಂದು ಶುಭ ಸಮಾಚಾರದಂತೆ ಹೇಳಿದೆ. ಅಮ್ಮ ಎದ್ದು ಕೂತಳು. ಸ್ಲೇಟು ಕೇಳಿದಳು. "ನೀನು ಏನು ಹೇಳಿದೆ? ಇದ್ದ ಹಾಗೇ ಹೇಳು" ಎಂದು ಬರೆದಳು. ಇದ್ದ ಹಾಗೇ ಹೇಳಿದೆ. ಅವಳು ಬರೆದದ್ದನ್ನು ಒರೆಸಿದಳು. ಬಳಪ ಹಿಡಿದು, ಖಾಲಿ ಸ್ಲೇಟನ್ನೇ ಇನ್ನೊಮ್ಮೆ ಒರೆಸಿದಳು. ಬೈಯಲಿಲ್ಲ, ಹೊಡೆಯಲಿಲ್ಲ. ಸೋಮವಾರ ಬೆಳಗ್ಗೆ, ಜ್ವರ ಬಿಟ್ಟೂ ಬಿಡದ ಮೈಯಲ್ಲಿ ಸೀರೆ ಉಟ್ಟು, ಬಳೆ ಕಳಚಿ, ದಾರಕ್ಕೂ ಕೈ ಚಾಚದೆ ಹೋದಳು. ಅಷ್ಟರಲ್ಲಿ ಮೈಕಿನ ಮುಂದೆ ಬೇರೊಬ್ಬಳು ನಿಂತಿದ್ದಳಂತೆ. ಮ್ಯಾನೇಜರ್ ಕುರ್ಚಿ ಹಾಕಿಸಿ, ಬಿಸಿ ಹಾಲು ತರಿಸಿ, ನಿಜವಾದ ಕಾಳಜಿಯಿಂದಲೇ ಆರೋಗ್ಯ ವಿಚಾರಿಸಿ, ಕಾರಿನಲ್ಲಿ ಮನೆಗೆ ಕಳಿಸಿಕೊಟ್ಟರು. ಅಂದು ಅಪ್ಪ ಸಿಂಕ್ ಆಯ್ತಾ ಎಂದು ಕೇಳಲಿಲ್ಲ.

ಅಜ್ಜಿ ಮಾತ್ರ, "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಕಣೇ" ಎಂದು ನನ್ನ ತಲೆಗೆ ಮೊಟಕಿದರು. ಆಮೇಲೆ ಅವರೇ ಅಡುಗೆಮನೆಯಲ್ಲಿ ಕೂತು, ಆ ದಿನ ತಾನೇ ಕೂಗಿ ಕರೆದು ದಾರ ಕಟ್ಟಬೇಕಿತ್ತು ಎಂದು ಅತ್ತರು. ಸೊಸೆಯ ಕೆಲಸವನ್ನು ಹತ್ತು ವರ್ಷ ಬೈದ ಹೆಂಗಸು ಆ ಕೆಲಸ ಹೋದದ್ದಕ್ಕೆ ಅತ್ತದ್ದು ನನಗೆ ಅರ್ಥವಾಗಿರಲಿಲ್ಲ. ಅಮ್ಮ ಮುಂದಿನ ಒಂದು ವಾರ ಯಾರೊಡನೆಯೂ ಮಾತಾಡಲಿಲ್ಲ. ಗಂಟಲಿಗೆ ವಿಶ್ರಾಂತಿಯೋ, ನನಗೆ ಶಿಕ್ಷೆಯೋ ತಿಳಿಯದೆ ನಾನು ಬಾಗಿಲ ಸಂದಿಯಲ್ಲಿ ನಿಂತು ಅವಳ ತುಟಿ ನೋಡುತ್ತಿದ್ದೆ. ಆ ನಟಿಗೆ ಆಮೇಲೆ ಆ ಬೇರೊಬ್ಬಳೇ ದನಿಯಾದಳು. ಅಮ್ಮನಿಗೆ ಗುಂಪಿನಲ್ಲಿ ಅಯ್ಯೋ ಎನ್ನುವ ಹೆಂಗಸರ ದನಿ, ತೊಟ್ಟಿಲ ಮಗುವಿನ ಅಳು. ಅಷ್ಟರಲ್ಲಿ ಸಿನಿಮಾದವರೆಲ್ಲ ಒಬ್ಬೊಬ್ಬರಾಗಿ ಬೆಂಗಳೂರಿಗೆ ಹೊರಟರು, ಮಾಮಿ ಕೂಗುವುದು ನಿಂತಿತು. ಆ ಆರನೇ ಚಿತ್ರವನ್ನು ನಾವು ನೋಡಿದ್ದು ಎಷ್ಟೋ ವರ್ಷದ ಮೇಲೆ, ಟಿ.ವಿ.ಯಲ್ಲಿ. ಅಮ್ಮ ಅವರೆಕಾಳು ಹಿದುಕುತ್ತಾ ಕೂತಿದ್ದಳು. ಹೆಸರುಗಳು ಒಂದೊಂದಾಗಿ ಬಂದವು: ಊಟದವರದು, ಲೈಟಿನವರದು, ಕೂದಲು ಬಾಚಿದವರದು. ದನಿಯವರದು ಮಾತ್ರ ಇಲ್ಲ.

"ನೋಡಿದ್ಯಾ," ಎಂದಳು ಅಮ್ಮ, "ಅವಳಿಗೂ ಹಾಕಿಲ್ಲ."

ಅದರಲ್ಲಿ ಸಂತೋಷವಿರಲಿಲ್ಲ. ಅವಳು ಆ ಸಂಗತಿಯ ಬಗ್ಗೆ ನನ್ನೆದುರು ಆಡಿದ ಮಾತು ಅದೊಂದೇ. ನಾನೂ ಎತ್ತಲಿಲ್ಲ. ಕ್ಷಮೆ ಕೇಳಬೇಕು ಎಂದುಕೊಂಡು ಎಂದುಕೊಂಡೇ ನನಗೆ ಕೂದಲು ನರೆಯಿತು.

ಇಂಥ ಮನೆಯಲ್ಲಿ ಬೆಳೆದವಳು ಬುದ್ಧಿಯಿದ್ದರೆ ವಿಮಾ ಕಚೇರಿಗೆ ಸೇರಬೇಕಿತ್ತು. ನಾನು ಬೇರೆ ಭಾಷೆಯ ಧಾರಾವಾಹಿಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುತ್ತೇನೆ, ಹದಿನೆಂಟು ವರ್ಷದಿಂದ, ಮನೆಯಲ್ಲೇ ಕೂತು. ಕಂಪನಿ ಇರುವುದು ಇಲ್ಲೇ, ಮದ್ರಾಸಿನ ಗಿಂಡಿಯಲ್ಲಿ. ನಮ್ಮ ಮನೆಯಿಂದ ಮೆಟ್ರೋದಲ್ಲಿ ಸ್ವಲ್ಪ ದೂರವೇ, ಆದರೂ ಅಲ್ಲಿನ ಯಾರ ಮುಖವನ್ನೂ ನಾನು ಸರಿಯಾಗಿ ಕಂಡಿಲ್ಲ. ನೆಂಟರು ಹೇಳುತ್ತಾರೆ, ನಿಮಗೇನು ಬಿಡಿ, ಮನೆಯಲ್ಲೇ ಕೆಲಸ, ಯಾರ ಹಂಗೂ ಇಲ್ಲ. ಯಾರ ಹಂಗೂ ಇಲ್ಲದವರಿಗೆ ಎಲ್ಲರ ಹಂಗೂ ಇರುತ್ತದೆ ಎಂದು ಅವರಿಗೆ ವಿವರಿಸುವ ಶಕ್ತಿ ನನಗಿಲ್ಲ. ಮನೆಯಲ್ಲೇ ಇರುತ್ತಾಳಲ್ಲ ಎಂದು ಇಡೀ ಕಟ್ಟಡದ ಪಾರ್ಸೆಲ್‌ಗಳು ನನ್ನ ಬಾಗಿಲಿಗೆ ಬರುತ್ತವೆ, ಎದುರು ಮನೆಯ ಗ್ಯಾಸ್ ಸಿಲಿಂಡರನ್ನೂ ನಾನೇ ಇಳಿಸಿಕೊಳ್ಳಬೇಕು. ನನ್ನ ಮೂರು ಉತ್ತರಗಳು ಈಗ ಬೇರೆ: ನೆಟ್‌ವರ್ಕ್ ಸರಿ ಇಲ್ಲ, ಕರೆಂಟ್ ಹೋಗಿದೆ, ಫೈಲ್ ಅಪ್‌ಲೋಡ್ ಆಗ್ತಿದೆ. ಪಿತ್ತಕೋಶದ ಆಪರೇಷನ್ ಆದ ಮರುದಿನ, ಕೈಯ ಹಿಂಭಾಗದಲ್ಲಿ ಸೂಜಿ ಅಂಟಿಸಿಕೊಂಡೇ ಆಸ್ಪತ್ರೆಯ ಮಂಚದ ಮೇಲೆ ಒಂದು ಕಂತು ಮುಗಿಸಿ ಕಳಿಸಿದೆ. ಅಪ್ಪ ತೀರಿಕೊಂಡ ದಿನ ನೆಟ್‌ವರ್ಕ್ ಸರಿ ಇಲ್ಲ ಎಂದು ಬರೆದೆ. ಮೂರನೇ ದಿನ ಸರಿಹೋಯಿತು. ಇದನ್ನು ಹೆಮ್ಮೆಯಿಂದ ಬರೆಯುತ್ತಿಲ್ಲ. ನಾನಿಲ್ಲದಿದ್ದರೆ ಇನ್ನೊಬ್ಬಳು ಬಂದು ಕೂರುತ್ತಾಳೆ, ಕೂತವಳು ಕೂತೇ ಬಿಡುತ್ತಾಳೆ ಎಂದು ಹತ್ತನೇ ವಯಸ್ಸಿನಲ್ಲಿ ಒಮ್ಮೆ ನೋಡಿದ್ದು ಇನ್ನೂ ಮೈಯಿಂದ ಇಳಿದಿಲ್ಲ. ದಣಿವು ಈಗ ನನಗೆ ಕಾಯಿಲೆಯ ಹಾಗೆ ಅನ್ನಿಸುವುದೇ ಇಲ್ಲ, ಕನ್ನಡಕದ ಹಾಗೆ ಮುಖದ ಮೇಲೆ ಇದ್ದೇ ಇರುತ್ತದೆ.

ಕಳೆದ ಮಳೆಗಾಲದ ನಂತರ ನನಗೆ ಚಿಕನ್‌ಗುನ್ಯಾ ಬಂತು. ಬೆರಳುಗಳು ಮಡಚುತ್ತಿರಲಿಲ್ಲ, ಗಂಟಲು ಕಟ್ಟಿ ದನಿ ಹೊರಡುತ್ತಿರಲಿಲ್ಲ. ಅಮ್ಮ ನನ್ನ ಜೊತೆಗೇ ಇದ್ದಾಳೆ, ಎಂಬತ್ತು ದಾಟಿದೆ. ಅವಳೇ ಮೆಣಸಿನ ಕಷಾಯ ಮಾಡಿ ತಂದಳು. ಬೆಳಗ್ಗೆ ಹತ್ತೂವರೆಗೆ ಫೋನ್ ಹೊಡೆದುಕೊಂಡಿತು: ಗಿಂಡಿಯ ಕಂಪನಿಯ ಸಂದೀಪ, ಕೆಲಸ ಹಂಚುವ ಹುಡುಗ. ಅವನೂ ನಮ್ಮ ಹಾಗೆ ಮದ್ರಾಸ್ ಕನ್ನಡದವನೇ. ಹೊಸ ಧಾರಾವಾಹಿಯ ಮೊದಲ ಕಂತು ಸಂಜೆಯೊಳಗೆ ಬೇಕು ಎಂದು ಹಿಂದಿನ ದಿನವೇ ಬರೆದಿದ್ದ, ನಾನು ಆಗಲಿ ಎಂದಿದ್ದೆ. ಫೋನನ್ನು ಅಮ್ಮನಿಗೆ ಕೊಟ್ಟು, ತಲೆಯ ಮೇಲೆ ನೀರು ಸುರಿದುಕೊಳ್ಳುವ ಹಾಗೆ ಕೈ ಮಾಡಿ ತೋರಿಸಿದೆ. ಸ್ನಾನಕ್ಕೆ ಹೋಗಿದ್ದಾಳೆ ಎಂದು ಹೇಳಲಿ, ಅಷ್ಟರಲ್ಲಿ ಒಂದು ಗುಳಿಗೆ ನುಂಗಿ ಹೇಗಾದರೂ ಎದ್ದು ಕೂರೋಣ ಎಂದು.

ಅಮ್ಮ ನನ್ನ ಕೈಯನ್ನು ನೋಡಿದಳು. ಫೋನನ್ನು ಮಡಿಲಲ್ಲಿಟ್ಟುಕೊಂಡು, ಎರಡು ಚಿನ್ನದ ಬಳೆಗಳನ್ನು ಮೊಣಕೈಯತ್ತ ಏರಿಸಿದಳು. ಸೊರಗಿದ ಕೈಯಲ್ಲಿ ಅವು ಸುಲಭವಾಗಿ ಏರಿದವು, ಬಿಗಿಯಾಗಿ ಕೂರಲಿಲ್ಲ. ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಸ್ಪೀಕರ್ ಒತ್ತಲು ಕಣ್ಣಲ್ಲೇ ಹೇಳಿದಳು. ಆಮೇಲೆ ಅವಳ ಬಾಯಿಂದ ನನ್ನ ದನಿ ಬಂತು. ನನ್ನದೇ ಆತುರ, ನನ್ನದೇ ಮೂಗು, ಪ್ರತಿ ವಾಕ್ಯದ ಮೊದಲು ನಾನು ಎಳೆಯುವ ಉಸಿರು.

"ಹಲೋ ಸಂದೀಪ್, ನಾನೇಪ್ಪ. ತುಂಬಾ ಜ್ವರ. ಮಾತೇ ಬರ್ತಿಲ್ಲ. ಎರಡು ದಿನ ಏನೂ ಆಗಲ್ಲ."

ಮಾತೇ ಬರ್ತಿಲ್ಲ ಎಂದು ಗಂಟೆ ಹೊಡೆದ ಹಾಗೆ ಹೇಳಿದ ಆ ದನಿಯನ್ನು ಸಂದೀಪ ಅನುಮಾನಿಸಲಿಲ್ಲ. "ಅಯ್ಯೋ, ಪರವಾಗಿಲ್ಲ ಮೇಡಂ. ರೆಸ್ಟ್ ತಗೊಳ್ಳಿ, ನಾವು ಹೇಗೋ ನೋಡ್ಕೋತೀವಿ" ಎಂದ. ಅರ್ಧ ಗಂಟೆಯಲ್ಲಿ, ಕೆಲಸವನ್ನು ಬೇರೆಯವರಿಗೆ ಕೊಟ್ಟಿದ್ದೇವೆ ಎಂದು ಅವನ ಸಂದೇಶ ಬಂತು. ಆ ಧಾರಾವಾಹಿ ಆಮೇಲೂ ನನಗೆ ಸಿಗಲಿಲ್ಲ, ಕೂತವಳು ಕೂತೇ ಬಿಟ್ಟಿದ್ದಾಳೆ.

ಸಂದೇಶವನ್ನು ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಹುಡುಕಿ, ನಿಧಾನವಾಗಿ ಓದಿ, "ಹೋಗ್ಲಿ ಬಿಡು" ಎಂದಳು. ಅದು ಅವಳದೇ ದನಿ, ಎಂಬತ್ತರದ್ದು, ನಡುಗುವುದು. ಅಂದು ನಾನು ಮ್ಯಾನೇಜರ್‌ಗೆ ಹೇಳಿದ್ದ ಆ ಮೂರು ವಾಕ್ಯಗಳನ್ನು ಅವಳು ಅಷ್ಟು ವರ್ಷ ಒಂದಕ್ಷರ ಬಿಡದೆ ಇಟ್ಟುಕೊಂಡಿದ್ದಳು ಎಂಬುದು ಆಗ ನನಗೆ ಹೊಳೆದು ಅಳು ಬಂತು. ಹತ್ತು ವರ್ಷದವಳ ಹಾಗೆ, ಸದ್ದಿಲ್ಲದೆ, ಮೂಗಿನಲ್ಲಿ ನೀರು ಸುರಿಸಿಕೊಂಡು ಅತ್ತೆ. ಅವಳು ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದಳು. ಬಳೆಗಳು ಮಣಿಕಟ್ಟಿಗೆ ಜಾರಿ ಸದ್ದು ಮಾಡಿದವು. ಕಷಾಯದ ಲೋಟ ಎತ್ತಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಸಿಂಕ್ ಆಯ್ತಾ?" ಎಂದು ಕೇಳಿದಳು.

ಆಯ್ತು ಎಂದು ತಲೆಯಾಡಿಸಿ ಮಗ್ಗುಲಾದೆ. ಸಂಜೆಯವರೆಗೂ ಮಲಗಿದ್ದೆ.